ಬಲಗಣ್ಣು ಹೋದ ಮೇಲೆ ಶೂಟಿಂಗ್: ಎಡ ಹೆಗಲಾ, ಬ್ರಾಕೆಟ್ಟಾ, ಪಿಸ್ತೂಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಿಸ್ತೂಲಿಗೆ.

ನಾನು ಬಲಗೈಯವನು, ಹತ್ತು ಮೀಟರ್ ಏರ್ ರೈಫಲ್ ಹೊಡೆಯುತ್ತಿದ್ದವನು. ರೆಟಿನಾ ಕಳಚಿ ಬಲಗಣ್ಣಿನ ದೃಷ್ಟಿ ಹೋಯಿತು. ರೈಫಲ್ಲನ್ನು ಬಲ ಹೆಗಲಿಗೆ ಇಟ್ಟು ಕೆನ್ನೆ ಊರಿದರೆ ಪೀಪ್ ಸೈಟು, ಅಂದರೆ ಗುರಿ ನೋಡುವ ಸಣ್ಣ ತೂತು, ಬಂದು ನಿಲ್ಲುವುದು ಬಲಗಣ್ಣಿನ ಎದುರಿಗೇ. ಕಾಣುವ ಕಣ್ಣು ಮೂಗಿನ ಆಚೆ ಸುಮ್ನೆ ಕೂತಿರುತ್ತದೆ. ಮತ್ತೆ ಶುರುಮಾಡಬಹುದು ಅಂತ ಡಾಕ್ಟರು ಒಪ್ಪಿದ ಮೇಲೆ ಮೂರು ದಾರಿಯನ್ನೂ ಹಿಡಿದು ನೋಡಿದೆ.

ಎಡ ಹೆಗಲಿಗೆ ಬದಲಾಯಿಸುವುದು ಎಲ್ಲರೂ ಕೊಡುವ ಸಲಹೆ. ಜೊತೆಗೆ ಹಂಗೇರಿಯ ಕಾರೊಲಿ ಟಾಕಾಚ್ ಕಥೆಯೂ ಬರುತ್ತದೆ. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹಾಳಾಯಿತು, ಎಡಗೈಯಲ್ಲಿ ಕಲಿತು 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ. ಸರಿ ಸ್ವಾಮಿ, ಅವನು ಸೈನಿಕ, ನಾನು ಭಾನುವಾರದ ಶೂಟರ್. ಸ್ಟಾಕ್ (ಹೆಗಲಿಗೆ, ಕೆನ್ನೆಗೆ ಆನಿಸುವ ಭಾಗ) ಅಲ್ಯೂಮಿನಿಯಂನದಾದ ರೈಫಲ್ ಇದ್ದರೆ ಎಡಗೈಯವರ ಹಿಡಿಕೆ ಹಾಕಿ, ಕೆನ್ನೆಪಟ್ಟಿ ಹೊಂದಿಸಿಕೊಂಡು ನಡೆಸಬಹುದು. ನನ್ನದು ಬಲಗೈಯವರಿಗೆಂದೇ ಕೆತ್ತಿದ ಮರದ ಸ್ಟಾಕ್. ಕ್ಲಬ್ಬಿನ ರೈಫಲ್ ತೆಗೆದುಕೊಂಡು ನೋಡಿದೆ. ನಿಲುವು ನಿಧಾನಕ್ಕೆ ಬಂತು, ಆದರೆ ಬೆರಳು ಬರಲಿಲ್ಲ. ಮ್ಯಾಚ್ ರೈಫಲ್‌ನ ಟ್ರಿಗರ್ ಎಷ್ಟು ಹಗುರ ಅಂದರೆ ಬಲಗೈ ಬೆರಳು ಅದರ ಮೇಲೆ ಆರಾಮಾಗಿ ಕೂತು ಕಾಯುತ್ತದೆ. ಎಡಗೈ ಬೆರಳು ತಾಗಿತೋ ಇಲ್ಲವೋ ಅನ್ನುವಷ್ಟರಲ್ಲಿ ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ಹೋಗಿರುತ್ತದೆ. ವಯಸ್ಸು ಕಡಿಮೆ ಇದ್ದು, ವಾರಪೂರ್ತಿ ರೇಂಜಿಗೆ ಹೋಗುವವರಿಗೆ ಇದೇ ಸರಿಯಾದ ದಾರಿ ಇರಬಹುದು.

ಇನ್ನು ಬ್ರಾಕೆಟ್. ನನ್ನ ತಲೆ ತಿಂದಿದ್ದು ಇದೇ. ರೈಫಲ್ ಬಲ ಹೆಗಲಲ್ಲೇ ಇರುತ್ತದೆ, ಹಿಂದಿನ ಮತ್ತು ಮುಂದಿನ ಸೈಟು ಎರಡನ್ನೂ ಲೋಹದ ತೋಳಿನ ಮೇಲೆ ಸುಮಾರು 6 ಸೆಂ.ಮೀ. ಎಡಕ್ಕೆ ತಂದು ಎಡಗಣ್ಣಿನಿಂದ ನೋಡುವುದು. ಕೇಳಿದರೆ ಇದಕ್ಕಿಂತ ಸುಲಭ ಇಲ್ಲ ಅನಿಸುತ್ತದೆ, ಅಲ್ವಾ?

ನನಗೆ ಬಂದ ಸೆಟ್‌ನಲ್ಲಿ ಹಿಂದಿನ ತೋಳು, ಮುಂದಿನ ತೋಳು ಎರಡೂ ಒಂದೇ ಉದ್ದ. ಅಂದರೆ ನೋಟದ ಗೆರೆ ನಳಿಗೆಗೆ ಸಮಾಂತರ. ಹತ್ತು ಮೀಟರ್ ಆಚೆಗೂ ಅದೇ 6 ಸೆಂ.ಮೀ. ಅಂತರ ಹಾಗೇ ಉಳಿಯುತ್ತದೆ. ರೈಫಲ್ ಟಾರ್ಗೆಟ್‌ನ ಹೊರಗಿನ ವೃತ್ತದ ವ್ಯಾಸವೇ 45.5 ಮಿ.ಮೀ., ಹಾಗಾಗಿ ನಡುವಿಗೆ ಗುರಿ ಇಟ್ಟರೆ ಪೆಲೆಟ್ ವೃತ್ತಗಳಿಂದಲೇ ಆಚೆ, ಬಲಕ್ಕೆ. ಡಯಾಪ್ಟರ್, ಅಂದರೆ ಹಿಂದಿನ ಪೀಪ್ ಸೈಟಿನ ತಿರುಪು, ತಿರುಗಿಸಿದೆ, ತಿರುಗಿಸಿದೆ, ಅದು ಕೊನೆ ಮುಟ್ಟಿ ನಿಂತಿತು. ಎರಡು ಗೆರೆ ಹತ್ತು ಮೀಟರ್‌ನಲ್ಲಿ ಕೂಡಬೇಕು ಅಂದರೆ ಮುಂದಿನ ಸೈಟು ಹಿಂದಿನದಕ್ಕಿಂತ 5 ಮಿ.ಮೀ.ನಷ್ಟು ನಳಿಗೆಗೆ ಹತ್ತಿರ ಇರಬೇಕು. ಮಾರಿದವರಿಗೆ ಫೋನ್ ಮಾಡಿದರೆ "ಎಲ್ಲರಿಗೂ ಇದನ್ನೇ ಕೊಡೋದು ಸಾರ್" ಅಂದರು. ಕೊನೆಗೆ ನಮ್ಮ ಬೀದಿಯ ಲೇತ್ ಅಂಗಡಿಯಲ್ಲಿ ಮುಂದಿನ ತೋಳಿನ ಸ್ಕ್ರೂ ತೂತನ್ನು ಉದ್ದ ಮಾಡಿಸಿದೆ. ಆ ಹುಡುಗ ಅಳತೆ ಬರೆದ ಚೀಟಿಯನ್ನೂ ಕೇಳಲಿಲ್ಲ, ಕಣ್ಣಳತೆಯಲ್ಲೇ ಮಾಡಿಕೊಟ್ಟ, ಸರಿಯಾಗಿ ಕೂತಿತು.

ಮುಗಿಯಿತು ಅಂದುಕೊಂಡರೆ ಮನೆಯಲ್ಲಿ ಇನ್ನೊಂದು. ನಮ್ಮ ಪಡಸಾಲೆಯಲ್ಲಿ ಸಿಗುವುದು ಐದೇ ಮೀಟರ್. ಗೆರೆಗಳು ಕೂಡುವುದು ಹತ್ತರಲ್ಲಿ, ಐದರಲ್ಲಿ ಅರ್ಧ ಅಂತರ ಇನ್ನೂ ಉಳಿದಿರುತ್ತದೆ. ಪೆಲೆಟ್ 3 ಸೆಂ.ಮೀ. ಬಲಕ್ಕೆ. ಮನೆಗೊಂದು ಹೊಂದಿಕೆ, ರೇಂಜಿಗೊಂದು ಹೊಂದಿಕೆ ಅಂತ ಸ್ಕ್ರೂ ಬಿಚ್ಚಿ ಕಟ್ಟುವವರು ಯಾರು? ಭಾರ ಎಡಕ್ಕೆ ನೇತಾಡುವುದು, ಪೆಟ್ಟಿಗೆಯ ಮುಚ್ಚಳ ಕೂರದಿರುವುದು ಬೇರೆ. ಬಲ ಹೆಗಲಿಗೆ ಇಟ್ಟು ಎಡಗಣ್ಣಿನಿಂದ ಗುರಿ ಇಡುವವರಿಗೆ ಪ್ರಿಸಂ ಅಥವಾ ಕನ್ನಡಿ ಬಳಸಲು ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ಅವಕಾಶ ಇದೆ, ಭೂತಗನ್ನಡಿಯಂತೆ ದೊಡ್ಡದು ಮಾಡಿ ತೋರಿಸಬಾರದು ಅಷ್ಟೇ. ಅದಕ್ಕೆ ಮತ್ತೆ ದುಡ್ಡು ಸುರಿಯುವ ಮನಸ್ಸು ನನಗಿರಲಿಲ್ಲ.

ಪಿಸ್ತೂಲಿಗೆ ಬಂದರೆ ಇದ್ಯಾವ ರಗಳೆಯೂ ಇಲ್ಲ. ಕೈ ಚಾಚಿದ್ದೇವೆ, ಕೆನ್ನೆ ಎಲ್ಲೂ ಊರಬೇಕಿಲ್ಲ, ಬಲಗೈ ಹಿಡಿದದ್ದನ್ನು ಎಡಗಣ್ಣು ನೋಡಿದರೆ ಆಯಿತು. ಬಲಗೈ ಬೆರಳಿಗೂ ಅದರ ಹಳೇ ಕೆಲಸ. ಟ್ರಿಗರ್ ಎಳೆಯುವ ಭಾರ ಕನಿಷ್ಠ 500 ಗ್ರಾಂ ಇರಲೇಬೇಕು ಅನ್ನುವ ನಿಯಮ ನನಗಂತೂ ಅನುಕೂಲವೇ. ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತ 11.5 ಮಿ.ಮೀ., ರೈಫಲ್‌ನಲ್ಲಿ ಅದು 0.5 ಮಿ.ಮೀ. ಚುಕ್ಕಿ. ಹಾಗಂತ ಪಿಸ್ತೂಲು ಸುಲಭ ಅಲ್ಲ, ಕೈ ಅಲುಗುವುದು ಅಷ್ಟು ಜಾಸ್ತಿ. ಇಲ್ಲಿ ನೋಟ ನೆಡಬೇಕಾದ್ದು ಮುಂದಿನ ಸೈಟಿನ ಮೇಲೆ, ಟಾರ್ಗೆಟ್ ಮಸುಕಾಗಿದ್ದರೂ ನಡೆಯುತ್ತದೆ. ಎರಡು ಕಣ್ಣಿರುವವರೂ ಒಂದಕ್ಕೆ ಪಟ್ಟಿ ಅಡ್ಡ ಇಟ್ಟುಕೊಂಡು ಹೊಡೆಯುತ್ತಾರೆ. ನನಗೆ ಆ ಪಟ್ಟಿಯ ಖರ್ಚು ಉಳಿಯಿತು.

ಒಂದೇ ತೊಂದರೆ ಕನ್ನಡಕದ್ದು. ಮೊದಲಿನಂತೆ ಪೂರ್ತಿ ಪಕ್ಕಕ್ಕೆ ತಿರುಗಿ ನಿಂತರೆ ನೋಟ ಗಾಜಿನ ಮೂಗಿನ ಕಡೆ ಅಂಚಿನಲ್ಲಿ ಹಾದು ಸೈಟು ಕಲಸಿಹೋಗುತ್ತಿತ್ತು. ಎದೆಯನ್ನು ಟಾರ್ಗೆಟ್ ಕಡೆ ಇನ್ನಷ್ಟು ತಿರುಗಿಸಿ ನಿಂತೆ, ದೂರದ ನಂಬರಿಗೆ +0.50 ಸೇರಿಸಿ ಬೇರೆ ಗಾಜು ಮಾಡಿಸಿದೆ. ಮುಂದಿನ ಸೈಟಿನ ಅಂಚು ಬ್ಲೇಡಿನಷ್ಟು ಚೂಪಾಗಿ ಕಂಡಿತು. ಗಾಜು ಪಾಲಿಕಾರ್ಬೊನೇಟೇ ಆಗಿರಲಿ. ಪೆಲೆಟ್ ಚೂರು ವಾಪಸ್ ಸಿಡಿಯುವುದುಂಟು, ನಮಗೆ ಇರುವುದು ಒಂದೇ ಕಣ್ಣು.

ಪೆಲೆಟ್ ತುಂಬುವುದು ಮಾತ್ರ ಮೂರರಲ್ಲೂ ಕಿರಿಕಿರಿ. ಆಳ ತಿಳಿಯದೆ ಅದು ನೆಲಕ್ಕೆ ಬೀಳುತ್ತದೆ. ಈಗ ಬೆರಳನ್ನು ಮೊದಲು ಲೋಹಕ್ಕೆ ತಾಗಿಸಿ, ಆಮೇಲೆ ಪೆಲೆಟ್ ಜಾರಿಸುತ್ತೇನೆ.

ಹೊಸ ಇಂಪೋರ್ಟೆಡ್ ಪಿಸ್ತೂಲು ಲಕ್ಷದ ಮೇಲೆ, ಅದು ನನ್ನ ಕೈಗೆಟುಕುವ ಮಾತಲ್ಲ. ರೈಫಲ್ ಮಾರಿ, ಕ್ಲಬ್ಬಿನಲ್ಲೇ ಒಬ್ಬರು ಬಳಸಿದ್ದನ್ನು ಕೊಂಡೆ. ಮನೆಯಲ್ಲಿ ಖಾಲಿ ಗೋಡೆಗೆ ಕೈ ಚಾಚಿ ಡ್ರೈ ಫೈರ್ (ಪೆಲೆಟ್ ಹಾಕದೆ ಟ್ರಿಗರ್ ಎಳೆಯುವ ಅಭ್ಯಾಸ) ಮಾಡುತ್ತೇನೆ, ಅದಕ್ಕೆ ಐದು ಮೀಟರೂ ಬೇಡ. ಒಳ್ಳೇ ರೈಫಲ್ ಇದ್ದು, ಮಾರಲು ಮನಸ್ಸಿಲ್ಲದೆ, ಯಾವಾಗಲೂ ಹತ್ತೇ ಮೀಟರ್‌ನಲ್ಲಿ ಹೊಡೆಯುವವರಾದರೆ ಬ್ರಾಕೆಟ್ ನೋಡಿ, ಕೊಳ್ಳುವ ಮೊದಲು ಎರಡೂ ತೋಳಿನ ಅಳತೆ ಕೇಳಿ. ನನ್ನದು ಮಾರಾಟಕ್ಕಿದೆ, ತೂತು ಆಗಲೇ ಉದ್ದ ಮಾಡಿಸಿದ್ದು.