ಎದೆಪಟ್ಟಿ ಕಟ್ಟಿಕೊಂಡು ಮೂರು ವರ್ಷ: ತೋರಿಸುವುದು ಅರ್ಧ ಲೆಕ್ಕ ಮಾತ್ರ

ಹೃದಯ ಬಡಿತ ಅಳೆಯುವ ಈ ಎದೆಪಟ್ಟಿ ಕೊಂಡು ಮೂರು ವರ್ಷ ಆಯಿತು. ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಓಡಿದಾಗಲೆಲ್ಲ ಇದು ಎದೆಯ ಮೇಲಿರುತ್ತದೆ. ಡಬ್ಬಿ ಬಿಚ್ಚಿದ ದಿನವೇ ಬರೆದ ವಿಮರ್ಶೆಗಳನ್ನು ನಾನು ನಂಬುವುದಿಲ್ಲ. ಅದಕ್ಕೇ ಇಷ್ಟು ತಡ.

ಕೊಂಡಿದ್ದು ಕೈಯಲ್ಲಿದ್ದ ವಾಚ್ ಕಾಟ ತಾಳಲಾರದೆ. ಆರಾಮಾಗಿ ಓಡುವಾಗಲೂ ಅದು 170 ಅನ್ನುತ್ತಿತ್ತು. ಗಾಬರಿಯಾಗಿ ನಿಂತು ಕತ್ತಿನ ನಾಡಿ ಎಣಿಸಿದರೆ 140ರ ಆಸುಪಾಸು. ಆಮೇಲೆ ಗೊತ್ತಾಯಿತು, ಅದು ಎಣಿಸುತ್ತಿದ್ದುದು ನನ್ನ ಹೆಜ್ಜೆಗಳನ್ನು! ವಾಚ್ ಚರ್ಮದೊಳಕ್ಕೆ ಹಸಿರು ಬೆಳಕು ಬಿಟ್ಟು, ರಕ್ತ ಎಷ್ಟು ಬೆಳಕು ಹೀರಿತು ಅಂತ ನೋಡುತ್ತದೆ. ಹೆಜ್ಜೆಯ ಅದುರು ಜಾಸ್ತಿಯಾದರೆ ಅದನ್ನೇ ನಾಡಿ ಅಂದುಕೊಂಡುಬಿಡುತ್ತದೆ. ಎದೆಪಟ್ಟಿಗೆ ಈ ಗೊಂದಲ ಇಲ್ಲ. ಹೃದಯ ಹಿಂಡಿಕೊಳ್ಳುವಾಗ ಹುಟ್ಟುವ ಸಣ್ಣ ವಿದ್ಯುತ್ತನ್ನೇ ಅದು ನೇರವಾಗಿ ಹಿಡಿಯುತ್ತದೆ.

ಹಾಗಂತ ನನ್ನ ಗೊಂದಲ ಮುಗಿಯಲಿಲ್ಲ. ಬೇಸಿಗೆಯಲ್ಲಿ ಒಂದೇ ವೇಗದಲ್ಲಿ ಓಡುತ್ತಿದ್ದರೂ 20ನೇ ನಿಮಿಷದಲ್ಲಿ 145 ಇದ್ದದ್ದು ಗಂಟೆ ಮುಗಿಯುವಾಗ 160 ಆಗುತ್ತಿತ್ತು. ಪಟ್ಟಿ ಕೆಟ್ಟಿದೆ ಅಂದುಕೊಂಡು ಕಂಪನಿಗೆ ಗ್ರಾಫ್ ಸಮೇತ ದೂರು ಬರೆದೆ. ಅವರು ಮಾತಾಡದೆ ಬೇರೆ ಪಟ್ಟಿ ಕಳಿಸಿದರು. ಹೊಸದೂ ಅದೇ ಗ್ರಾಫ್ ಬರೆಯಿತು. ಆಗ ಕೂತು ಓದಿಕೊಂಡೆ.

ನಿಮಿಷಕ್ಕೆ ಎಷ್ಟು ರಕ್ತ ಹೋಗುತ್ತದೆ ಅನ್ನುವುದು ಎರಡು ಸಂಖ್ಯೆಗಳ ಗುಣಾಕಾರ: ಬಡಿತ ಎಷ್ಟು, ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತ ಎಷ್ಟು. ಸುಮ್ನೆ ಕೂತಿರುವಾಗ ಬಡಿತಕ್ಕೆ ಸುಮಾರು 70 ಮಿಲಿಲೀಟರ್. ನಿಮಿಷಕ್ಕೆ 70 ಬಡಿತ ಅಂದರೆ ಹತ್ತಿರ ಹತ್ತಿರ 5 ಲೀಟರ್. ಮೈಯಲ್ಲಿರುವ ರಕ್ತವೂ ಹೆಚ್ಚುಕಮ್ಮಿ ಅಷ್ಟೇ. ಜೋರಾಗಿ ಓಡಿದರೆ ಇದು 20 ಲೀಟರ್ ಮುಟ್ಟುತ್ತದೆ, ಅಂದರೆ ನಾಲ್ಕು ಪಟ್ಟು. ಆದರೆ ಬಡಿತ 70ರಿಂದ 180ಕ್ಕೆ ಹೋದರೂ ಎರಡೂವರೆ ಪಟ್ಟು ಚಿಲ್ಲರೆ ಮಾತ್ರ, ಅಲ್ವಾ? ಉಳಿದದ್ದು ಎರಡನೇ ಸಂಖ್ಯೆಯಿಂದ ಬರಬೇಕು. ಅದು ಈ ಪಟ್ಟಿಗೆ ಕಾಣುವುದೇ ಇಲ್ಲ.

ನನ್ನ ಬೇಸಿಗೆ ಗ್ರಾಫಿನ ಗುಟ್ಟೂ ಅಲ್ಲೇ ಇತ್ತು. ಮೈ ತಣಿಸಲು ರಕ್ತ ಚರ್ಮದ ಕಡೆ ಹೋಗುತ್ತದೆ. ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣವೂ ಇಳಿಯುತ್ತದೆ. ಹೃದಯಕ್ಕೆ ವಾಪಸು ಬರುವುದು ಕಡಿಮೆಯಾದರೆ ಪ್ರತಿ ಬಡಿತದ ಪಾಲೂ ಕಡಿಮೆ. ಅದನ್ನು ಸರಿದೂಗಿಸಲು ಹೃದಯ ಬಡಿತ ಏರಿಸುತ್ತದೆ. ಪಾಪ, ಪಟ್ಟಿಯದೇನೂ ತಪ್ಪಿರಲಿಲ್ಲ.

ಹೃದಯ ಬಂದಷ್ಟನ್ನು ಕಳಿಸುವ ಪಂಪು. ಎಡ ಕೆಳಕೋಣೆಯಲ್ಲಿ ಸುಮಾರು 120 ಮಿಲಿಲೀಟರ್ ತುಂಬಿದಾಗ 70 ಹೊರಹೋಗುತ್ತದೆ, ಉಳಿದದ್ದು ಅಲ್ಲೇ. ಓಡುವಾಗ ಮೀನಖಂಡದ ಸ್ನಾಯುಗಳು ರಕ್ತನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಕೋಣೆ ಹೆಚ್ಚು ತುಂಬಿ ಅದರ ಗೋಡೆ ಹಿಗ್ಗುತ್ತದೆ. ಹಿಗ್ಗಿದಷ್ಟೂ ಮುಂದಿನ ಹಿಂಡು ಜೋರು. ಜರ್ಮನಿಯ ಒಟ್ಟೊ ಫ್ರಾಂಕ್, ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಇಬ್ಬರ ಹೆಸರಲ್ಲೂ ಈ ನಿಯಮ ಇದೆ. ಇದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ, ಸ್ನಾಯುವಿನ ಗುಣವೇ ಹಾಗೆ.

ಪಟ್ಟಿ ಇದ್ದವರು ಒಂದು ಆಟ ಆಡಿ ನೋಡಿ. ಐದು ನಿಮಿಷ ಅಂಗಾತ ಮಲಗಿ, ಆಮೇಲೆ ಎದ್ದು ನಿಲ್ಲಿ. ನನ್ನದು 56ರಿಂದ ಸರ್ರನೆ 75 ದಾಟಿ, ಸ್ವಲ್ಪ ಹೊತ್ತಿಗೆ 68ಕ್ಕೆ ಬಂದು ನಿಲ್ಲುತ್ತದೆ. ಎದ್ದೊಡನೆ ಅರ್ಧ ಲೀಟರ್‌ನಷ್ಟು ರಕ್ತ ಕೆಳಕ್ಕೆ ಜಾರುತ್ತದೆ. ಕತ್ತಿನ ನಾಳದಲ್ಲೂ ಹೃದಯದ ಮೇಲಿನ ಮಹಾಧಮನಿಯ ಬಾಗಿನಲ್ಲೂ ಒತ್ತಡ ಅರಿಯುವ ನರತುದಿಗಳಿವೆ. ಒತ್ತಡ ಇಳಿದದ್ದು ಗೊತ್ತಾಗುತ್ತಲೇ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ತಲೆ ಸುತ್ತುವ ಮೊದಲೇ ಬಡಿತ ಏರಿರುತ್ತದೆ. ಮೊದಮೊದಲು ಇದನ್ನು ದಿನಕ್ಕೆ ಹತ್ತು ಸಲ ಮಾಡುತ್ತಿದ್ದೆ. ಮನೆಯವರು ವಿಚಿತ್ರವಾಗಿ ನೋಡುತ್ತಿದ್ದರು.

ಓಟದ ಮೊದಲ ಕೆಲವು ಸೆಕೆಂಡುಗಳೂ ಸೊಗಸು. ನೂರರ ತನಕ ಬಡಿತ ಒಂದೇ ನೆಗೆತ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ಅದು ಬಡಿಯುವುದೇ ಸುಮಾರು 100 ಸಲ. ನಾವು ಆರಾಮಾಗಿರುವಾಗ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ಅನ್ನುವ ನರ ಬ್ರೇಕ್ ಒತ್ತಿ ಹಿಡಿದಿರುತ್ತದೆ. ಓಡಲು ಹೊರಟಾಗ ಮೊದಲು ಬ್ರೇಕ್ ಸಡಿಲವಾಗುತ್ತದೆ, ವೇಗ ಹೆಚ್ಚಿಸುವ ನರಗಳು, ಅಡ್ರಿನಲಿನ್ ಎಲ್ಲ ಆಮೇಲೆ. ಕಸಿ ಮಾಡಿದ ಹೃದಯಕ್ಕೆ ಈ ನರಗಳ ನಂಟು ಕಡಿದಿರುತ್ತದೆ. ಹಾಗಾಗಿ ಅದು ವಿಶ್ರಾಂತಿಯಲ್ಲೂ 90, 100 ಅಂತ ಬಡಿಯುತ್ತದೆ, ಓಡಿದರೂ ನಿಧಾನಕ್ಕೇ ಏರುತ್ತದೆ.

ಮೂರು ವರ್ಷದಲ್ಲಿ ನನ್ನ ವಿಶ್ರಾಂತಿ ಬಡಿತ 68ರಿಂದ 56ಕ್ಕೆ ಇಳಿದಿದೆ. ಬೇಕಾದ ರಕ್ತ ಅಷ್ಟೇ. ಒಂದು ಬಡಿತಕ್ಕೆ ಹೋಗುವ ಪಾಲು ಹೆಚ್ಚಿದೆ, ಅಷ್ಟೆ.

ಇನ್ನು ಸಾಧನದ ವಿಷಯ. ಪಟ್ಟಿಯ ಒಳಭಾಗ ಒಣಗಿದ್ದರೆ ಮೊದಲ ಐದು ನಿಮಿಷ 210, 40 ಅಂತ ಬಾಯಿಗೆ ಬಂದದ್ದು ಹೇಳುತ್ತದೆ. ನೀರು ಸವರಿಯೇ ಕಟ್ಟಬೇಕು. ಇಲಾಸ್ಟಿಕ್ ಒಂದೂವರೆ ವರ್ಷಕ್ಕೆ ಸಡಿಲವಾಯಿತು. ಬಟನ್ ಸೆಲ್ ವರ್ಷಕ್ಕೊಂದು. ಬೆವರು ತೊಳೆಯದೆ ಬಿಟ್ಟರೆ ನಾತ, ಇದರಲ್ಲಿ ತಪ್ಪು ನನ್ನದೇ.

ನನಗೆ ಸಿಟ್ಟಿರುವುದು ಇದರ ಆಪ್ ಮೇಲೆ. 220ರಲ್ಲಿ ವಯಸ್ಸು ಕಳೆದು ಗರಿಷ್ಠ ಬಡಿತ ಅಂತ ತಾನೇ ತುಂಬಿಕೊಳ್ಳುತ್ತದೆ. ಅದು ಬರೀ ಸರಾಸರಿ, ಒಬ್ಬೊಬ್ಬರಿಗೆ ಹತ್ತು ಹದಿನೈದು ಆಚೀಚೆ ಇರುವುದು ಮಾಮೂಲು. ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಆ ಲೆಕ್ಕ ಉಪಯೋಗಕ್ಕೇ ಬರುವುದಿಲ್ಲ. ಬಿಸಿಲಲ್ಲಿ ಓಡಿದ ದಿನ ಇದು ಕೊಡುವ 'ಶ್ರಮದ ಅಂಕ'ವನ್ನು ನಾನು ಈಗ ತೆರೆದೂ ನೋಡುವುದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಆಪ್‌ಗೆ. ವಾಚ್‌ನ ಹಸಿರು ದೀಪ ಆರಿಸಿ ಎರಡು ವರ್ಷವಾಯಿತು, ಅದರಲ್ಲಿ ಈಗ ಟೈಮ್ ಮಾತ್ರ ನೋಡುತ್ತೇನೆ.