ಅಗಲ ಮುಖಕ್ಕೊಂದು ಫ್ರೇಮು: ಮಂಡಿಪೇಟೆಯ ಕನ್ನಡಕದ ಅಂಗಡಿ

ನನ್ನದು ಅಗಲ ಮುಖ. ಹೆಲ್ಮೆಟ್ ಕೊಳ್ಳಲು ಹೋದರೆ ಒಳಗಿನಿಂದ ದೊಡ್ಡ ಸೈಜು ತರಿಸಬೇಕು. ಕನ್ನಡಕಕ್ಕೂ ಹಾಗೆಯೇ ಸೈಜು ಇರುತ್ತದೆ ಅನ್ನುವುದು ಗೊತ್ತಾಗಲು ನನಗೆ ಒಂಬತ್ತು ವರ್ಷ ಹಿಡಿಯಿತು. ದಾವಣಗೆರೆ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ತೂಕದ ಚೀಟಿ, ಖಾತೆ ಪುಸ್ತಕ, ಕಂಪ್ಯೂಟರು. ಸಂಜೆ ನಾಲ್ಕಾದರೆ ಕಿವಿಯ ಹಿಂದೆ ಉರಿ, ಹಣೆಯ ಎರಡೂ ಪಕ್ಕ ಇಕ್ಕಳದಲ್ಲಿ ಹಿಡಿದಂತೆ ಬಿಗಿತ. ಪವರ್ ಬದಲಾಗಿರಬೇಕು ಎಂದುಕೊಂಡು ಎರಡು ಸಲ ಕಣ್ಣು ಪರೀಕ್ಷೆ ಮಾಡಿಸಿದೆ. ಎರಡು ಸಲವೂ ಪವರ್ ಸರಿಯಾಗಿಯೇ ಇತ್ತು.

ಕಳೆದ ವರ್ಷ ಬೇರೊಂದು ದೊಡ್ಡ ಮಳಿಗೆಯಲ್ಲಿ ಮೂರು ಸಾವಿರದ ಇನ್ನೂರು ಕೊಟ್ಟು ಹೊಸ ಕನ್ನಡಕ ತಂದೆ. ಕನ್ನಡಿ ಮುಂದೆ ಕೂರಿಸಿ ಒಂದಾದ ಮೇಲೊಂದು ಫ್ರೇಮು ಹಾಕಿಸಿದ ಹುಡುಗ, ‘ಇದು ನಿಮಗೆ ಚೆನ್ನಾಗಿ ಕಾಣ್ತದೆ ಸರ್’ ಎಂದ. ಚೆನ್ನಾಗಿಯೇ ಕಾಣುತ್ತಿತ್ತು. ಬಿಗಿಯಾಗ್ತಿದೆ ಎಂದರೆ, ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಎಂದು ಡಬ್ಬಿಗೆ ಹಾಕಿಕೊಟ್ಟ. ಆರು ತಿಂಗಳಾದರೂ ಸಡಿಲ ಆಗಲಿಲ್ಲ. ಕಿವಿಯ ಹಿಂದೆ ಕಪ್ಪು ಗೆರೆ ಬಿತ್ತು.

ನಮ್ಮ ಅಂಗಡಿಗೆ ಬರುವ ಹಮಾಲರ ಮೇಸ್ತ್ರಿ ಒಂದು ದಿನ ನಾನು ಕನ್ನಡಕ ತೆಗೆದು ಕಿವಿ ಉಜ್ಜಿಕೊಳ್ಳುವುದನ್ನು ನೋಡಿ, ‘ರೈಟ್ರೇ, ಒಂದ್ಸಲ ಮಂಡಿಪೇಟಿಗೆ ಹೋಗ್ರಿ, ಅಲ್ಲೊಬ್ರು ಯಜಮಾನ್ರು ಅದಾರ’ ಎಂದ. ಹಾಗೆ ಹೋಗಿದ್ದು ಈ ಅಂಗಡಿಗೆ. ಮುಖ್ಯ ರಸ್ತೆಯಿಂದ ಒಳಗೆ ತಿರುಗುವ ಸಣ್ಣ ಗಲ್ಲಿಯಲ್ಲಿದೆ. ಬೋರ್ಡಿನ ಹೆಸರು ಮಾಸಿ ‘ಆಪ್ಟಿಕಲ್ಸ್’ ಎನ್ನುವುದಷ್ಟೇ ಉಳಿದಿದೆ. ಸುತ್ತಲಿನವರೆಲ್ಲ ಕನ್ನಡಕದ ಅಂಗಡಿ ಎಂದೇ ಕರೆಯುವುದು. ಇಬ್ಬರು ಕೂತರೆ ಮೂರನೆಯವರು ಹೊರಗೆ ನಿಲ್ಲಬೇಕು, ಅಷ್ಟೇ ಜಾಗ.

ಯಜಮಾನರು ಮೊದಲು ಯಾವ ಫ್ರೇಮನ್ನೂ ತೋರಿಸಲಿಲ್ಲ. ‘ಕೂತ್ಕೊಳ್ರಿ, ನಿಮ್ದು ತೆಗೆದು ಕೊಡ್ರಿ’ ಎಂದರು. ನನ್ನ ಹಳೆಯ ಕನ್ನಡಕವನ್ನು ಗಾಜಿನ ಕೌಂಟರ್ ಮೇಲೆ ತಲೆಕೆಳಗಾಗಿ ಇಟ್ಟರು. ಒಂದು ಕಡ್ಡಿ ಗಾಜಿಗೆ ತಾಗಿತ್ತು, ಇನ್ನೊಂದು ಅಕ್ಕಿಕಾಳಿನಷ್ಟು ಮೇಲೆ ನಿಂತಿತ್ತು. ಆಮೇಲೆ ಕಡ್ಡಿಯ ಒಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಅಂಕಿ ಓದಿಸಿದರು: 50, ಒಂದು ಪುಟ್ಟ ಚೌಕ, 16, ನಂತರ 135. ಒಂಬತ್ತು ವರ್ಷ ಕನ್ನಡಕ ಹಾಕಿಯೂ ಆ ಅಂಕಿಗಳನ್ನು ನಾನು ಓದಿರಲಿಲ್ಲ. ಮೊದಲನೆಯದು ಒಂದು ಲೆನ್ಸಿನ ಅಗಲ, ಎರಡನೆಯದು ಮೂಗಿನ ಮೇಲೆ ಕೂರುವ ಸೇತುವೆಯ ಅಗಲ, ಮೂರನೆಯದು ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಸ್ಕೇಲು ಹಿಡಿದು ಆ ಫ್ರೇಮಿನ ಪೂರ್ತಿ ಅಗಲ ಅಳೆದರು, 132. ನನ್ನ ಮುಖಕ್ಕೆ ಅದೇ ಸ್ಕೇಲು ಹಿಡಿದರೆ 146. ‘ಹದಿನಾಲ್ಕು ಮಿಲಿಮೀಟರ್ ಕಡಿಮೆ ಐತಿ. ತಲೆ ನೋಯದೇ ಇನ್ನೇನಾಗ್ತೈತ್ರಿ’ ಎಂದರು. ನನಗೆ ಮಾತೇ ಹೊರಡಲಿಲ್ಲ.

ಹಾಗಾದರೆ ಅತಿ ದೊಡ್ಡದೇ ಇರಲಿ ಎಂದು ನಾನು ಗೋಡೆಯ ಮೇಲಿನ 58-20 ಒಂದಕ್ಕೆ ಕೈ ಹಾಕಿದೆ. ಅದನ್ನು ಅವರು ಒಪ್ಪಲಿಲ್ಲ. ನನ್ನ ಕಣ್ಣುಪಾಪೆಗಳ ನಡುವಿನ ದೂರ 67. ಲೆನ್ಸಿನ ಅಗಲ ಮತ್ತು ಸೇತುವೆ ಕೂಡಿಸಿದರೆ 78 ಬರುತ್ತದೆ. ಈ 67ಕ್ಕೂ 78ಕ್ಕೂ ಇರುವಂಥ ಅಂತರ ಹೆಚ್ಚಾದಷ್ಟೂ ಮೈನಸ್ ಪವರ್ ಇರುವವರಿಗೆ ಲೆನ್ಸಿನ ಹೊರಅಂಚು ದಪ್ಪವಾಗಿ, ಭಾರವಾಗಿ ಬರುತ್ತದೆ. ಕೊನೆಗೆ 56-19, ಕಡ್ಡಿ 145 ಇರುವುದಕ್ಕೆ ಬಂದು ನಿಂತೆವು. ಫ್ರೇಮಿನ ಎತ್ತರವನ್ನೂ ಅಳೆದರು. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದರಿಂದ ನನಗೆ ಪ್ರೋಗ್ರೆಸಿವ್ ಲೆನ್ಸು, ಅಂದರೆ ಮೇಲಿನ ಭಾಗದಲ್ಲಿ ದೂರದ್ದು, ಕೆಳಗಿನ ಭಾಗದಲ್ಲಿ ಓದುವ ಪವರ್ ಇರುವ ಲೆನ್ಸು ಬೇಕಿತ್ತು. ಪಟ್ಟಿಯಂಥ ಕಿರಿದಾದ ಫ್ರೇಮಿನಲ್ಲಿ ಕೆಳಗಿನ ಓದುವ ಭಾಗಕ್ಕೆ ಜಾಗವೇ ಸಿಗುವುದಿಲ್ಲ.

ಯಾವ ವಸ್ತುವಿನ ಫ್ರೇಮು ಅನ್ನುವುದರ ಬಗ್ಗೆ ಅರ್ಧ ಗಂಟೆ ಮಾತಾಯಿತು. ಟೈಟಾನಿಯಂ ಕೈಗಿತ್ತರು, ಹಿಡಿದದ್ದೇ ಗೊತ್ತಾಗದಷ್ಟು ಹಗುರ. ಅದರಲ್ಲಿ ನನ್ನ ಅಳತೆ ಅವರ ಬಳಿ ಇರಲಿಲ್ಲ, ಬೆಲೆಯೂ ಹೆಚ್ಚು. ಅಗ್ಗದ ಲೋಹದ ಫ್ರೇಮುಗಳಲ್ಲಿ ನಿಕ್ಕಲ್ ಇರುತ್ತದೆ, ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ, ಕೆರೆತ ಬರುತ್ತದೆ. ತಾಮ್ರ ಬೆರೆತಿದ್ದರೆ ಬೆವರು ತಾಗಿ ಮೂಗಿನ ಪ್ಯಾಡಿನ ಹತ್ತಿರ ಹಸಿರು ಕಿಲುಬು ಕಟ್ಟುತ್ತದೆ. ನನ್ನ ಮೊದಲ ಕನ್ನಡಕದಲ್ಲಿ ಆ ಹಸಿರು ಕಂಡು ಅದು ಕೊಳೆ ಎಂದು ತಿಳಿದಿದ್ದೆ. ಟಿಆರ್-90 ಎನ್ನುವ ಪ್ಲಾಸ್ಟಿಕ್ ಹಗುರ, ಬಗ್ಗಿಸಿದರೂ ಮುರಿಯುವುದಿಲ್ಲ, ಆದರೆ ಕಾಯಿಸಿ ತಿದ್ದಿದರೆ ತಿದ್ದಿದಂತೆ ನಿಲ್ಲುವುದು ಕಷ್ಟ. ನನ್ನ ಬಲಗಿವಿ ಎಡಗಿವಿಗಿಂತ ತುಸು ಮೇಲಿದೆಯಂತೆ, ಹಾಗಾಗಿ ತಿದ್ದಲು ಬರುವ ಅಸಿಟೇಟ್ ಎನ್ನುವ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನ ಫ್ರೇಮೇ ಒಳ್ಳೆಯದು ಎಂದರು. ಅಸಿಟೇಟ್ ಮಾಡುವುದು ಹತ್ತಿಯ ನಾರು ಮತ್ತು ಮರದ ತಿರುಳಿನಿಂದ. ನಮ್ಮಪ್ಪ ಇದೇ ಊರಿನ ಹತ್ತಿ ಮಿಲ್ಲಿನಲ್ಲಿ ದುಡಿದವರು. ಈ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಹತ್ತಿಯಿಂದ ಕನ್ನಡಕವಾಗುತ್ತದೆ ಎಂದು ಕೇಳಿ ಯಾಕೋ ಬಹಳ ಖುಷಿಯಾಯಿತು.

ಫ್ರೇಮು ಹಾಕಿಸಿ ಕನ್ನಡಿ ಕೊಡುವ ಮೊದಲು ಅವರು ಮಾಡಿಸಿದ್ದು ಇಷ್ಟು. ತಲೆ ಬಗ್ಗಿಸಿ ಲೆಕ್ಕ ಬರೆಯುವ ಹಾಗೆ ಕೂರಲು ಹೇಳಿದರು, ಜಾರುತ್ತದೆಯೇ ಎಂದು ನೋಡಲು. ‘ನಗ್ರಿ ಒಂದ್ಸಲ, ಜೋರಾಗಿ’ ಎಂದರು. ನಕ್ಕಾಗ ಕೆನ್ನೆ ಫ್ರೇಮನ್ನು ಮೇಲಕ್ಕೆ ತಳ್ಳಬಾರದು, ಕಣ್ಣಿನ ರೆಪ್ಪೆಕೂದಲು ಲೆನ್ಸಿಗೆ ತಾಗಬಾರದು. ಆಮೇಲೆ ನನ್ನನ್ನು ನಿಲ್ಲಿಸಿ, ತಾವೂ ಕಣ್ಣಿಗೆ ಕಣ್ಣು ಸಮ ಬರುವಂತೆ ಎದುರು ನಿಂತು, ಫ್ರೇಮಿನಲ್ಲಿದ್ದ ಡಮ್ಮಿ ಪ್ಲಾಸ್ಟಿಕ್ಕಿನ ಮೇಲೆ, ಕಣ್ಣುಪಾಪೆಗಳ ನೇರಕ್ಕೆ, ಮಾರ್ಕರಿನಿಂದ ಎರಡು ಚುಕ್ಕೆ ಇಟ್ಟರು. ಪ್ರೋಗ್ರೆಸಿವ್ ಲೆನ್ಸು ಆ ಚುಕ್ಕೆಯ ಲೆಕ್ಕದಲ್ಲೇ ತಯಾರಾಗುತ್ತದೆ. ಫ್ರೇಮು ಮುಖದ ಮೇಲೆ ಸರಿಯಾಗಿ ಕೂತ ಮೇಲೆಯೇ ಚುಕ್ಕೆ ಇಡಬೇಕು, ಮೊದಲೇ ಇಟ್ಟರೆ ಇಡೀ ಲೆನ್ಸು ಹಾಳು ಎಂದರು.

ಲೆನ್ಸು ಬಂದ ದಿನದ ಕೆಲಸವನ್ನು ನಾನು ಮರೆಯುವುದಿಲ್ಲ. ಬಿಸಿಗಾಳಿ ಬಿಡುವ ಒಂದು ಸಣ್ಣ ಡಬ್ಬಿ. ಅದರ ಬಾಯಿಗೆ ಕಡ್ಡಿಯ ತುದಿ ಹಿಡಿದು, ಆಗಾಗ ಹೆಬ್ಬೆರಳಿನಿಂದ ಒತ್ತಿ ಮೆತ್ತಗಾಯಿತೇ ನೋಡುತ್ತಾ, ಕಿವಿ ತಿರುಗುವ ಜಾಗಕ್ಕೆ ಸರಿಯಾಗಿ ಬಾಗಿಸಿದರು. ತಣ್ಣೀರಿನ ಲೋಟದಲ್ಲಿ ಅದ್ದಿದರು, ಪಂಚೆಯಂಥ ಬಿಳಿ ಬಟ್ಟೆಯಲ್ಲಿ ಒರೆಸಿದರು, ನನಗೆ ಹಾಕಿದರು, ತೋರುಬೆರಳನ್ನು ಕಿವಿಯ ಹಿಂದೆ ಓಡಿಸಿ ನೋಡಿದರು. ತೆಗೆದರು, ಮತ್ತೆ ಕಾಯಿಸಿದರು. ಹೀಗೆ ನಾಲ್ಕು ಸಲ. ಲೆನ್ಸಿನ ಕೆಳಅಂಚು ಕೆನ್ನೆಯ ಕಡೆಗೆ ಸ್ವಲ್ಪ ವಾಲುವಂತೆಯೂ ತಿದ್ದಿದರು. ಅದಿಲ್ಲದಿದ್ದರೆ ಓದುವಾಗ ಕತ್ತು ಎತ್ತಬೇಕಾಗುತ್ತದೆ. ಅವರ ಕೈ ನಡುಗುವುದಿಲ್ಲ, ಅವಸರವಿಲ್ಲ. ಹೊರಗೆ ಇಬ್ಬರು ಕಾಯುತ್ತಿದ್ದರೂ ನನ್ನ ಕಿವಿ ಬಿಟ್ಟು ಬೇರೆ ಕಡೆ ಗಮನ ಕೊಡಲಿಲ್ಲ. ಫ್ರೇಮಿಗೆ 1,850, ಲೆನ್ಸಿಗೆ 4,200 ಕೊಟ್ಟೆ. ತಿದ್ದಿದ್ದಕ್ಕೆ ಬೇರೆ ದುಡ್ಡಿಲ್ಲ.

ಕೊರತೆಗಳೂ ಇವೆ, ಹೇಳಲೇಬೇಕು. ನಾಲ್ಕು ದಿನಕ್ಕೆ ಎಂದ ಲೆನ್ಸು ಬಂದದ್ದು ಎಂಟನೆಯ ದಿನ, ನಡುವೆ ಎರಡು ಸಲ ನಾನೇ ಫೋನ್ ಮಾಡಬೇಕಾಯಿತು. ಅಗಲ ಮುಖಕ್ಕೆ ಆಗುವ ಫ್ರೇಮುಗಳು ಒಟ್ಟು ಏಳೋ ಎಂಟೋ, ಬಣ್ಣ ಕಪ್ಪು ಇಲ್ಲವೇ ಕಂದು. ಬೇರೆ ಬಣ್ಣ ಬೇಕೆನ್ನುವ ಹುಡುಗರಿಗೆ ಇಲ್ಲಿ ನಿರಾಸೆ. ಕಣ್ಣು ಪರೀಕ್ಷೆ ಇಲ್ಲಿ ಮಾಡುವುದಿಲ್ಲ, ಡಾಕ್ಟರ ಚೀಟಿ ತೆಗೆದುಕೊಂಡೇ ಹೋಗಬೇಕು. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ. ಗಲ್ಲಿಯಲ್ಲಿ ಬೈಕ್ ನಿಲ್ಲಿಸಲು ಜಾಗವಿಲ್ಲ, ದೂರದಲ್ಲೇ ನಿಲ್ಲಿಸಿ ನಡೆದು ಹೋಗಿ. ಹೋಗುವಾಗ ನಿಮ್ಮ ಹಳೆಯ ಕನ್ನಡಕವನ್ನು ಮನೆಯಲ್ಲಿ ಬಿಡಬೇಡಿ, ಯಜಮಾನರು ಮೊದಲು ಕೇಳುವುದೇ ಅದನ್ನು.

ಏಪ್ರಿಲ್ ಬಿಸಿಲಿನಲ್ಲಿ ಬೆವರಿಗೆ ಜಾರತೊಡಗಿದಾಗ ಇನ್ನೊಮ್ಮೆ ಹೋಗಿದ್ದೆ. ಕಡ್ಡಿಯ ಬಾಗನ್ನು ಒಂದಿಷ್ಟು ಒಳಗೆ ತಂದು ಕೊಟ್ಟರು, ಎರಡು ನಿಮಿಷದ ಕೆಲಸ. ಈಗ ಐದು ತಿಂಗಳಾಯಿತು. ಮೊನ್ನೆ ಕಟಿಂಗ್ ಮಾಡಿಸಲು ಕೂತಿದ್ದಾಗ, ಹತ್ತು ವರ್ಷದಿಂದ ನನ್ನ ಕೂದಲು ಕತ್ತರಿಸುವವನು ಕಿವಿ ಮಡಚಿ ಹಿಡಿದು ಹೇಳಿದ: ‘ಅಣ್ಣಾರೆ, ಇಲ್ಲಿದ್ದ ಕರೇ ಗೆರಿ ಹೋಗೈತಲ್ರಿ.’