ಜ್ವರಕ್ಕೆ ಹೆಸರು ಬರುವ ಮೊದಲು: ಓಪನ್‌ಡಬ್ಲ್ಯೂಎಚ್‌ಒ ಕೋರ್ಸ್ ಮಾಡಿದ ಅನುಭವ

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಹನ್ನೊಂದು ವರ್ಷದಿಂದ ನರ್ಸ್. ನಮ್ಮ ಕಡೆ ಡಿಸೆಂಬರ್ ಬಂತೆಂದರೆ ಮಂಗನ ಕಾಯಿಲೆಯ ಚಿಂತೆ ಶುರು. ಮಳೆ ಹಿಡಿಯುವವರೆಗೂ ಜ್ವರ ಅಂತ ಬಂದವರಿಗೆಲ್ಲ ಮೊದಲ ಪ್ರಶ್ನೆ ಒಂದೇ: "ದರಗು (ಒಣಗಿದ ಎಲೆ) ತರೋಕೆ ಕಾಡಿಗೆ ಹೋಗಿದ್ರಾ?" 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ ಇದು. 2019ರಲ್ಲಿ ಅರಳಗೋಡಿನಲ್ಲಿ ಜನ ತೀರಿಕೊಂಡಾಗ ಇಡೀ ಸಾಗರ ಸೀಮೆ ನಡುಗಿತ್ತು.

ಮಂಗನ ಕಾಯಿಲೆ ಉಣುಗು ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದರೆ ಬಾಗಿಲಲ್ಲಿ ನಿಂತ ಜ್ವರ ಯಾವುದು ಅಂತ ಆ ಹೊತ್ತಿಗೆ ಯಾರಿಗೆ ಗೊತ್ತಿರುತ್ತದೆ? ರಕ್ತದ ರಿಪೋರ್ಟ್ ಆಮೇಲೆ ಬರುತ್ತದೆ, ರೋಗಿಯನ್ನು ಮುಟ್ಟುವುದು ಈಗಲೇ. 2018ರ ಮೇ ತಿಂಗಳಲ್ಲಿ ಕೇರಳದ ಪೆರಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ತೀರಿಕೊಂಡರು. ಅವರು ಆರೈಕೆ ಮಾಡಿದ ರೋಗಿಗೆ ಬಂದಿರುವುದು ಮನುಷ್ಯರಿಂದ ಮನುಷ್ಯರಿಗೆ ಹರಡಬಲ್ಲ ನಿಪಾ ವೈರಸ್ ಅಂತ ಆಗ ಯಾರಿಗೂ ತಿಳಿದಿರಲಿಲ್ಲ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಓಪನ್‌ಡಬ್ಲ್ಯೂಎಚ್‌ಒ ಆನ್‌ಲೈನ್ ಕೋರ್ಸ್‌ಗಳನ್ನು ನಾನು ಮೊದಲು ನೋಡಿದ್ದು 2020ರಲ್ಲಿ, ಕೋವಿಡ್ ಹೊತ್ತಿನಲ್ಲಿ. ಆಗ ಗಾಬರಿಯಲ್ಲಿ ಓಡಿಸಿಕೊಂಡು ನೋಡಿದ್ದೆ. ಆಮೇಲೆ ಒಂದು ನವೆಂಬರ್‌ನಲ್ಲಿ, ಸೀಸನ್ ಶುರುವಾಗುವ ಮೊದಲೇ, ಸೋಂಕು ತಡೆಯ ಪಾಠಗಳನ್ನು ನಿಧಾನಕ್ಕೆ ಕೂತು ಮುಗಿಸಿದೆ. ಎಲ್ಲ ಉಚಿತ. ನಮ್ಮದೇ ಸಮಯಕ್ಕೆ ಮಾಡಬಹುದು. ನೈಟ್ ಡ್ಯೂಟಿ ಮುಗಿಸಿ ಬಂದು, ಮಗಳು ಶಾಲೆಗೆ ಹೋದ ಮೇಲೆ ದಿನಕ್ಕೆ ಅರ್ಧ ಗಂಟೆ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದೇ ಅಡುಗೆಮನೆ ಕಿಟಕಿಯ ಹತ್ತಿರ. ಹಾಗಾಗಿ ಪಾಠಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತಿದ್ದೆ.

ನನಗೆ ಜಾಸ್ತಿ ಹಿಡಿಸಿದ್ದು ಒಂದು ವಿಷಯ. ಇಲ್ಲಿ ಪಾಠ ಶುರುವಾಗುವುದು ರೋಗದ ಹೆಸರಿನಿಂದ ಅಲ್ಲ. ಯಾವ ರೋಗಿಯೇ ಬರಲಿ, ಕೈ ತೊಳೆಯುವ ಐದು ಸಂದರ್ಭ ಯಾವುವು, ಗ್ಲೌಸ್ ಯಾವಾಗ ಬೇಕು, ಯಾವಾಗ ಬೇಡ, ಅದರಿಂದ ಶುರು. ರೋಗಿಯನ್ನು ಮುಟ್ಟದೆ ಬರೀ ಮಂಚದ ಕಂಬಿ ಮುಟ್ಟಿದರೂ ಕೈ ಶುಚಿ ಮಾಡಿಕೊಳ್ಳಬೇಕು ಎಂಬುದು ನಮಗೆಲ್ಲ ಗೊತ್ತು. ರೌಂಡ್ಸ್ ಗಡಿಬಿಡಿಯಲ್ಲಿ ಬಿಟ್ಟುಹೋಗುವುದೂ ಅದೇ, ಅಲ್ವಾ?

ಹೈಪೋ, ಅಂದರೆ ಸೋಂಕು ನಿವಾರಣೆಗೆ ಬಳಸುವ ಕ್ಲೋರಿನ್ ದ್ರಾವಣ, ಬೆರೆಸುವ ಲೆಕ್ಕವಂತೂ ನನ್ನ ಕೈಗೆ ಬಂದುಬಿಟ್ಟಿದೆ. ಕ್ಯಾನ್ ಮೇಲೆ 5% ಅಂತಿದೆ, ರಕ್ತ ಚೆಲ್ಲಿದ ಜಾಗಕ್ಕೆ ಬೇಕಿರುವುದು 0.5%. 5ನ್ನು 0.5ರಿಂದ ಭಾಗಿಸಿದರೆ 10, ಅದರಲ್ಲಿ ಒಂದು ಕಳೆದರೆ 9. ಅಂದರೆ ಒಂದು ಮಗ್ ಹೈಪೋಗೆ ಒಂಬತ್ತು ಮಗ್ ನೀರು. ಮೊದಲು ರಕ್ತವನ್ನು ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಕ್ಲೋರಿನ್ ಶಕ್ತಿಯೆಲ್ಲ ಆ ಕೊಳೆಗೇ ಹೋಗುತ್ತದೆ. ಈ "ಯಾಕೆ" ತಿಳಿದ ಮೇಲೆ ಹೌಸ್‌ಕೀಪಿಂಗ್ ಅಕ್ಕನಿಗೆ ಹೇಳುವುದು ನನಗೆ ಸಲೀಸಾಯಿತು.

ಪಿಪಿಇ (ಗ್ಲೌಸ್, ಗೌನ್, ಮಾಸ್ಕ್‌ನಂಥ ರಕ್ಷಣಾ ಉಡುಪು) ಬಿಚ್ಚುವುದನ್ನು ಮಾತ್ರ ಬರೀ ವಿಡಿಯೊ ನೋಡಿ ಕಲಿಯಲು ಆಗುವುದಿಲ್ಲ. ನಾವು ಹೀಗೆ ಮಾಡಿದೆವು. ಸೋಂಕು ಎಲ್ಲಿ ತಾಗುತ್ತದೆ ಅಂತ ಕಣ್ಣಿಗೆ ಕಾಣಲಿ ಎಂದು ಕುಂಕುಮಕ್ಕೆ ಕೊಬ್ಬರಿ ಎಣ್ಣೆ ಕಲಸಿ ಗ್ಲೌಸ್ ಮೇಲೆ, ಗೌನ್ ಎದೆಯ ಮೇಲೆ ಹಚ್ಚಿಕೊಂಡೆವು. ಆಮೇಲೆ ಪಾಠದಲ್ಲಿದ್ದ ಕ್ರಮದಲ್ಲೇ ಒಂದೊಂದಾಗಿ ಬಿಚ್ಚಿದೆವು. ಮಾಸ್ಕ್ ಕೊನೆಗೆ, ಅದೂ ಹಿಂದಿನಿಂದ. ಕನ್ನಡಿ ಮುಂದೆ ನಿಂತಾಗ ನನ್ನ ಬಲಗಿವಿಯ ಕೆಳಗೆ ಕೆಂಪು ಗೆರೆ. ಗ್ಲೌಸ್ ತೆಗೆದ ಮೇಲೆ ಕೈ ಉಜ್ಜಿಕೊಳ್ಳದೆ ಮುಂದೆ ಹೋಗಿದ್ದೆ. ಹೌಸ್‌ಕೀಪಿಂಗ್ ಅಕ್ಕನ ಮುಖದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ನಾನು ಕೋರ್ಸ್ ಮಾಡಿದ್ದು ಇಂಗ್ಲಿಷಿನಲ್ಲಿ. ಅವರು ಕೇಳಿದ್ದು ನನ್ನ ಕನ್ನಡದಲ್ಲಿ, ನಾಲ್ಕು ದಿನ, ಟೀ ಹೊತ್ತಿನಲ್ಲಿ. ಆ ಶುಭ್ರ ಮುಖ ನೋಡಿ ನನಗೆ ಕಣ್ಣು ತುಂಬಿ ಬಂತು.

ಇದಕ್ಕೂ ಮೊದಲು ಒಂದು ಕಡೆ 600 ರೂಪಾಯಿ ಕೊಟ್ಟು ಇದೇ ವಿಷಯದ ವೆಬಿನಾರ್ ಕೇಳಿದ್ದೆ. ಎರಡು ಗಂಟೆ ಸುಮ್ನೆ ಸ್ಲೈಡ್ ಓದಿದರು. ಪ್ರಶ್ನೆ ಕೇಳಲು ಅವಕಾಶವಿರಲಿಲ್ಲ. ಅರ್ಧಕ್ಕೇ ಎದ್ದು ಹೋದವರಿಗೂ ಸರ್ಟಿಫಿಕೇಟ್ ಬಂತು. ಓಪನ್‌ಡಬ್ಲ್ಯೂಎಚ್‌ಒ ಪಾಠಗಳಲ್ಲಿ ಹಾಗಲ್ಲ, ನಾನು ಮಾಡಿದಾಗ ಸಾಧನೆಯ ಸರ್ಟಿಫಿಕೇಟಿಗೆ 80% ಅಂಕ ಬೇಕಿತ್ತು.

ಮಾಡುವವರಿಗೆ ಎರಡು ಮಾತು. ನರ್ಸ್ ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ಈ ಕೋರ್ಸಿನಿಂದ ಕ್ರೆಡಿಟ್ ಅಂಕ ಸಿಗುತ್ತದೆಯೇ ಅಂತ ನರ್ಸಿಂಗ್ ಕೌನ್ಸಿಲ್‌ನಲ್ಲಿ ಮೊದಲೇ ಕೇಳಿಕೊಳ್ಳಿ. ಹೆಸರನ್ನು ನಿಮ್ಮ ರಿಜಿಸ್ಟ್ರೇಷನ್‌ನಲ್ಲಿ ಇರುವ ಹಾಗೆಯೇ, ಇನಿಷಿಯಲ್ ಸಮೇತ ಟೈಪ್ ಮಾಡಿ.